ಪರಾಧೀನ ದೇಹ ಮತ್ತು ಸ್ವಾಭಿಮಾನ: ‘ಅವಸ್ಥೆ’ಯ ಕುರಿತು

ಯು. ಆರ್. ಅನಂತಮೂರ್ತಿಯವರ ಹೆಸರೆತ್ತಿದೊಡನೆ 1965ರ ‘ಸಂಸ್ಕಾರ’ವನ್ನು ಕೊಂಡಾಡಿ, ತುರ್ತುಪರಿಸ್ಥಿತಿ ಕೊನೆಗೊಂಡ ಮರುವರ್ಷವೇ, 1978ರಲ್ಲಿ ಹೊರಬಂದ ‘ಅವಸ್ಥೆ’ಯನ್ನು ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ವೇಷಾಂತರಿತ ಚರಿತ್ರೆಯೆಂದು ಎರಡು ಮಾತಿನಲ್ಲಿ ಮುಗಿಸಿಬಿಡುವುದು ನಮ್ಮ ವಿಮರ್ಶೆಯಲ್ಲಿ ರೂಢಿಯಾಗಿದೆ. ಕನ್ನಡದ ಅತ್ಯಂತ ಗಂಭೀರವಾದ ರಾಜಕೀಯ ಕಾದಂಬರಿಗೆ ಇದರಿಂದ ಅನ್ಯಾಯವಾಗಿದೆಯೆಂದೇ ನನ್ನ ದೃಢವಾದ ಅಭಿಪ್ರಾಯ.

ಕೃತಿಯ ಸತ್ತ್ವವೆಲ್ಲ ಅಡಗಿರುವುದು ಅದರ ನಿರೂಪಣೆಯ ಒಂದು ನಿರ್ಧಾರದಲ್ಲಿ. ಬೀದಿಗಿಳಿದು ಹೋರಾಡಿದ ಕಥಾನಾಯಕ ಕೃಷ್ಣಪ್ಪಗೌಡ ನಮಗೆ ಎದುರಾಗುವುದು ಲಕ್ವ ಹೊಡೆದು ಹಾಸಿಗೆ ಹಿಡಿದ ಮೇಲೆ. ತರುಣ ನಾಗೇಶನ ಮುಂದೆ ಬಿಚ್ಚಿಕೊಳ್ಳುವ ಅವನ ನೆನಪುಗಳು ಕಾಲಾನುಕ್ರಮವನ್ನು ಲೆಕ್ಕಿಸದೆ, ನೋವಿನ ಕ್ರಮವನ್ನು ಅನುಸರಿಸುತ್ತವೆ. ಮಗ್ಗುಲು ಬದಲಿಸುವುದಕ್ಕೂ ಪರರ ಕೈಯನ್ನು ಕಾಯಬೇಕಾದ ಈ ದೇಹವನ್ನು ವಾರಂಗಲ್ಲಿನ ಪೊಲೀಸ್ ಠಾಣೆಯಲ್ಲಿ ಹಿಂಸೆಗೆ ಸಿಕ್ಕಿದ ದೇಹದ ಪಕ್ಕದಲ್ಲಿಟ್ಟು ನೋಡಿದರೆ, ಲೇಖಕರು ಕೇಳುತ್ತಿರುವ ಪ್ರಶ್ನೆ ಸ್ಪಷ್ಟವಾಗುತ್ತದೆ: ಶರೀರವು ಅನ್ಯರ ವಶವಾದಾಗ ಮನುಷ್ಯನ ಸ್ವಾಭಿಮಾನಕ್ಕೆ ನೆಲೆಯೆಲ್ಲಿ? ಒಂದೆಡೆ ಹಿಂಸಿಸುವ ಕೈ, ಇನ್ನೊಂದೆಡೆ ಉಪಚರಿಸುವ ಕೈ. ಕೃಷ್ಣಪ್ಪನಿಗೆ ಎರಡೂ ಅಸಹನೀಯವೇ. ಗೌರಿ ದೇಶಪಾಂಡೆಯ ಪ್ರೇಮದೆದುರು ಅವನು ಹಿಂಜರಿದದ್ದಕ್ಕೂ ಈ ಅಭಿಮಾನವೇ ಕಾರಣ, ಏಕೆಂದರೆ ಪ್ರೇಮವೂ ತನ್ನನ್ನು ಮತ್ತೊಬ್ಬರ ಕೈಗೆ ಒಪ್ಪಿಸಿಕೊಡುವ ವ್ಯಾಪಾರವಲ್ಲವೆ? ಅಣ್ಣಾಜಿಯ ಕ್ರಾಂತಿ, ಮಹೇಶ್ವರಯ್ಯನ ಅಧ್ಯಾತ್ಮ, ಹಾಸಿಗೆಯ ಬಳಿಗೇ ಬಂದು ನಿಲ್ಲುವ ಅಧಿಕಾರದ ಆಮಿಷ, ಇವೆಲ್ಲವೂ ಈ ಒಂದೇ ಪ್ರಶ್ನೆಯ ಸುತ್ತ ಅರ್ಥ ಪಡೆಯುತ್ತವೆ.

ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ, ಚೀನಾ ಕ್ಲಸ್ಟರಿನ ಒಂದು ಮನೆಯಲ್ಲಿ ನಾವು ಕೆಲವರು ಈ ಕಾದಂಬರಿಯನ್ನು ಚರ್ಚಿಸಿದಾಗಲೂ, ಶಿವಮೊಗ್ಗೆಯ ಕಡೆಯ ಮಿತ್ರರು ‘ಇದು ಗೌಡರೇ’ ಎಂದು ಪುಟಪುಟಕ್ಕೂ ಗುರುತು ಹಿಡಿಯುತ್ತ ಹೋದರು. 1951ರ ಕಾಗೋಡು ಸತ್ಯಾಗ್ರಹದ ಧೀಮಂತನ ಮೇಲಿನ ಅವರ ಗೌರವ ನನ್ನದೂ ಹೌದು; ಆದರೆ 1972ರಲ್ಲಿ ತೀರಿಕೊಂಡ ನಾಯಕರೊಬ್ಬರ ಜೀವನವು ಕಾದಂಬರಿಯ ಘಟನೆಗಳ ಮೂಲವನ್ನು ತಿಳಿಸೀತೇ ಹೊರತು, ಆ ಘಟನೆಗಳು ಒಂದರ ಮಗ್ಗುಲಲ್ಲಿ ಇನ್ನೊಂದು ಏಕೆ ಬಂದು ನಿಂತವೆಂಬುದನ್ನು ತಿಳಿಸಲಾರದು. ಅಚ್ಚುಕಟ್ಟಾದ ಹೋಲಿಕೆಗಳ ಪಟ್ಟಿ ಮಾಡಿ ತೃಪ್ತರಾಗುವ ವಿಮರ್ಶಕರು ಗೌಡರಿಗೂ ಕಲೆಗೂ ಸಮಾನವಾಗಿ ಅಪಚಾರವೆಸಗುತ್ತಾರೆ.

ಕೃತಿಯಲ್ಲಿ ದೋಷವಿಲ್ಲವೆಂದಲ್ಲ. ನಿತ್ಯ ಸಂಸಾರದ ಭಾರವನ್ನು ಹೊರುವ ಸೀತೆಯನ್ನು ನಾವು ಬಹುಮಟ್ಟಿಗೆ ಗಂಡ ಕೃಷ್ಣಪ್ಪನ ಅಸಹನೆಯ ಕಣ್ಣಿನಿಂದಲೇ ಕಾಣುತ್ತೇವೆ. ಅವಳ ಅಂತರಂಗಕ್ಕೂ ಅಷ್ಟೇ ಅವಕಾಶ ದೊರೆತಿದ್ದರೆ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತಿತ್ತು. ಆದರೂ, ‘ಸಂಸ್ಕಾರ’ದ ಪ್ರಾಣೇಶಾಚಾರ್ಯರು ಅಗ್ರಹಾರವನ್ನು ಬಿಟ್ಟು ನಡೆದುಹೋಗಬಲ್ಲರು, ಕೃಷ್ಣಪ್ಪನಿಗೆ ಆ ದಾರಿಯೂ ಇಲ್ಲ. ಹೊರಟುಹೋಗಲಾರದವನ ನೈತಿಕ ಸಂಕಟವನ್ನು ಎದುರಿಸಿದ್ದರಿಂದಲೇ ‘ಅವಸ್ಥೆ’ಯನ್ನು ನಾನು ‘ಸಂಸ್ಕಾರ’ಕ್ಕಿಂತ ಪ್ರೌಢವಾದ ಕೃತಿಯೆಂದು ಎಣಿಸುತ್ತೇನೆ.