ಪ್ರೀತಿಯ ಭಾಷೆ, ಪರವಾನಗಿಯ ಭಾಷೆ

ಪರದೇಶಕ್ಕೆ ಹೋಗಿ ಅಲ್ಲಿನ ಭಾಷೆ ಕಲಿಯುವುದೆಂದರೆ ತರಗತಿಯಲ್ಲಿ ಕುಳಿತು ವ್ಯಾಕರಣ ಬಾಯಿಪಾಠ ಮಾಡುವುದಷ್ಟೇ ಅಲ್ಲ. ಹಾಲು ಕೊಳ್ಳುವಲ್ಲಿ, ಬಸ್ಸಿನ ದಾರಿ ಕೇಳುವಲ್ಲಿ, ಸರಕಾರಿ ಕಚೇರಿಯ ಕಿಟಕಿಯ ಮುಂದೆ ನಿಂತಲ್ಲಿ ಬೆಳೆದ ಮನುಷ್ಯ ಮತ್ತೆ ಮಗುವಾಗಿ ತೊದಲಬೇಕಾಗುತ್ತದೆ. ಆ ತೊದಲಿಗೆ ಎದುರಿನವರು ಹೇಗೆ ಉತ್ತರಿಸುತ್ತಾರೆ ಎಂಬುದರಲ್ಲಿ ಒಂದು ಸಮಾಜದ ಮನಸ್ಸು ಬಯಲಾಗುತ್ತದೆ. ಇಟಾಲಿಯನ್ ಭಾಷೆಯನ್ನು ಹೊರಗಿನಿಂದ ಬಂದು ಕಲಿತು, ಅದರಲ್ಲೇ ಬರೆದ ಇಬ್ಬರು ಲೇಖಕರ ಕೃತಿಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಇದು ಸ್ಪಷ್ಟವಾಗುತ್ತದೆ.

ಮೊದಲನೆಯದು ಝುಂಪಾ ಲಾಹಿರಿಯವರ 'ಇನ್ ಆಲ್ತ್ರೆ ಪರೋಲೆ', ಅಂದರೆ 'ಬೇರೆ ಮಾತುಗಳಲ್ಲಿ'. ಬಂಗಾಳಿ ತಂದೆತಾಯಿಗೆ ಲಂಡನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಲಾಹಿರಿ, ಮೊದಲ ಇಂಗ್ಲಿಷ್ ಕಥಾಸಂಕಲನಕ್ಕೇ 2000ದಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದವರು. 1994ರಲ್ಲಿ ಫ್ಲಾರೆನ್ಸ್ ನೋಡಲು ಹೋದಾಗ ಕಿವಿಗೆ ಬಿದ್ದ ಭಾಷೆಯ ಮೋಹ ಅವರನ್ನು ಬಿಡಲಿಲ್ಲ. ನ್ಯೂಯಾರ್ಕಿನಲ್ಲಿ ಪಾಠ ಹೇಳಿಸಿಕೊಂಡು, ಕೊನೆಗೆ 2012ರಲ್ಲಿ ಸಂಸಾರ ಸಮೇತ ರೋಮ್‌ಗೆ ಹೋಗಿ ನೆಲೆಸಿದರು. 2015ರಲ್ಲಿ ಪ್ರಕಟವಾದ ಈ ಪುಸ್ತಕವನ್ನು ನೇರವಾಗಿ ಇಟಾಲಿಯನ್ನಿನಲ್ಲೇ ಬರೆದರು. ಅದನ್ನು ಇಂಗ್ಲಿಷಿಗೆ ತರುವ ಕೆಲಸವನ್ನೂ ತಾವು ಮಾಡದೆ ಆನ್ ಗೋಲ್ಡ್‌ಸ್ಟೀನ್ ಅವರಿಗೆ ಬಿಟ್ಟುಕೊಟ್ಟರು. ಕೀರ್ತಿ ತಂದ ಭಾಷೆಯನ್ನು ಬದಿಗಿಟ್ಟು, ತಪ್ಪು ಮಾಡಲೇಬೇಕಾದ ಭಾಷೆಯಲ್ಲಿ ಬರೆಯಲು ಧೈರ್ಯ ಬೇಕು. ಅದನ್ನು ನಾವು ಗೌರವದಿಂದಲೇ ನೋಡಬೇಕು.

ಪುಸ್ತಕದ ಚೆಲುವು ಇರುವುದು ಕಲಿಕೆಯ ದಿನಚರಿಯಲ್ಲಿ. ಜೇಬಿನಲ್ಲಿ ಹಿಡಿಯುವ ಪುಟ್ಟ ನಿಘಂಟು, ಓದುವಾಗ ಅಡ್ಡಬಂದ ಪದಗಳನ್ನು ಬರೆದಿಡುವ ನೋಟುಪುಸ್ತಕ, ಎಷ್ಟು ಬಾರಿ ಗುರುತು ಹಾಕಿಕೊಂಡರೂ ನಾಲಗೆಗೆ ಬಾರದ ಪದ, ಭೂತಕಾಲದ ಎರಡು ರೂಪಗಳ ನಡುವೆ ಮತ್ತೆ ಮತ್ತೆ ಎಡವುವುದು, ಇವೆಲ್ಲ ಬೇರೆ ಭಾಷೆ ಕಲಿತ ಯಾರಿಗಾದರೂ ತಮ್ಮದೇ ಅನ್ನಿಸುತ್ತವೆ. ಊರೆಲ್ಲ ರಜೆಯ ಮೇಲೆ ಹೋಗಿರುವ ಆಗಸ್ಟ್ ತಿಂಗಳಲ್ಲಿ ಹೊಸ ಮನೆಯ ಬಾಗಿಲು ತೆರೆಯದೆ ಕುಟುಂಬ ಹೊರಗೆ ನಿಲ್ಲುತ್ತದೆ. ಅದಾದ ಕೆಲವೇ ದಿನಗಳಲ್ಲಿ ಲೇಖಕಿ ತಮಗರಿವಿಲ್ಲದಂತೆ ಇಟಾಲಿಯನ್ನಿನಲ್ಲಿ ದಿನಚರಿ ಬರೆಯತೊಡಗುತ್ತಾರೆ.

ಇಟಾಲಿಯನ್ನಿನ ಈ ಸೆಳೆತ ಕನ್ನಡ ಕಿವಿಗೆ ಅಪರಿಚಿತವೇನಲ್ಲ. ಅಲ್ಲಿನ ಪದಗಳೂ ನಮ್ಮವುಗಳಂತೆ ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ. ನಮಗೆ 'ಹಳಿ' ಬೇರೆ, 'ಹಳ್ಳಿ' ಬೇರೆ. ಅವರಿಗೆ 'ಪೇನ' ಎಂದರೆ ನೋವು, 'ಪೆನ್ನ' ಎಂದರೆ ಲೇಖನಿ. ನಮ್ಮ ನೀನು-ನೀವುಗಳಂತೆ ಅಲ್ಲಿಯೂ ಆಪ್ತರಿಗೆ 'ತು', ಅಪರಿಚಿತರಿಗೆ ಗೌರವದ 'ಲೇಯಿ'. ಕಾಫಿಯ ಕಟ್ಟೆಯ ಮುಂದೆ ನಿಂತು 'ತ್ಸುಕ್ಕೆರೊ' ಕೇಳುವವರು ನಮ್ಮ ಸಕ್ಕರೆಯ ದಾಯಾದಿಯನ್ನೇ ಕೇಳುತ್ತಾರೆ. ಭಾರತದ 'ಶರ್ಕರಾ' ಪಾರ್ಸಿಯನ್ನು ದಾಟಿ, ಅರಬಿಯ 'ಸುಕ್ಕರ್' ಆಗಿ ಇಟಲಿ ತಲುಪಿದ ಪದ ಅದು.

ಪದ ಹೀಗೆ ಗಡಿ ದಾಟಿತು. ಮನುಷ್ಯರ ಕತೆ ಅಷ್ಟು ಸುಲಭವಲ್ಲ. ಲಾಹಿರಿಯವರ ಪುಸ್ತಕದಲ್ಲಿ ನಮ್ಮನ್ನು ಹೆಚ್ಚು ಕಲಕುವುದು 'ಗೋಡೆ' ಎಂಬ ಅಧ್ಯಾಯ. ಸಲೆರ್ನೊ ಊರಿನ ಅಂಗಡಿಯೊಂದರಲ್ಲಿ ಲೇಖಕಿ ಬಹಳ ಹೊತ್ತು ಇಟಾಲಿಯನ್ನಿನಲ್ಲಿ ಮಾತನಾಡುತ್ತಾರೆ. ಪತಿ ಬಂದು ನಾಲ್ಕು ಮಾತಾಡುತ್ತಾರೆ, ಅದೂ ಸ್ಪ್ಯಾನಿಷ್ ಛಾಯೆಯಲ್ಲಿ. ಅಂಗಡಿಯಾಕೆ ಮೆಚ್ಚುವುದು ಮಾತ್ರ ಪತಿಯ ಭಾಷೆಯನ್ನು. ಆತ ಇಟಲಿಯವನೇ ಇರಬೇಕೆಂದು ಆಕೆಯ ಊಹೆ. ಕಾರಣ ವ್ಯಾಕರಣವಲ್ಲ, ಮುಖ. ಕಿವಿಗಿಂತ ಮೊದಲು ಕಣ್ಣು ತೀರ್ಪು ಕೊಟ್ಟಿರುತ್ತದೆ. ಎಷ್ಟು ವರ್ಷ ಕಲಿತರೂ ಈ ಗೋಡೆ ಕರಗದು ಎಂಬ ಅರಿವು ಆ ಪುಟಗಳಲ್ಲಿ ನಿರ್ಭಿಡೆಯಾಗಿ ಬಂದಿದೆ.

ಆದರೆ ಲಾಹಿರಿ ಆ ಗೋಡೆಯನ್ನು ತಮ್ಮ ಒಬ್ಬರ ನೋವಾಗಿಯೇ ನೋಡುತ್ತಾರೆ. ರೋಮ್‌ನಲ್ಲಿ ತಮ್ಮ ಹಾಗೆಯೇ ಭಾಷೆ ಕಲಿಯುತ್ತಿರುವ ಬಾಂಗ್ಲಾದೇಶದ ಅಂಗಡಿಕಾರನಾಗಲಿ, ಮನೆಗೆಲಸದ ಫಿಲಿಪ್ಪೀನ್ಸ್ ಮಹಿಳೆಯಾಗಲಿ ಈ ಬರಹದ ಕೇಂದ್ರಕ್ಕೆ ಬರುವುದಿಲ್ಲ. ಇಟಾಲಿಯನ್ ತಮ್ಮ ಆಯ್ಕೆ, ಅಗತ್ಯವಲ್ಲ ಎಂಬುದನ್ನು ಲಾಹಿರಿ ಪ್ರಾಮಾಣಿಕವಾಗಿ ಒಪ್ಪುತ್ತಾರೆ. ಅಗತ್ಯವಾಗಿರುವವರ ದಿನಚರಿಯೇ ಬೇರೆ. ಐರೋಪ್ಯ ಒಕ್ಕೂಟದ ಹೊರಗಿನಿಂದ ಓದಲೋ ದುಡಿಯಲೋ ಬಂದವರು ಎಂಟು ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅಂಚೆಕಚೇರಿ, ಪೊಲೀಸ್ ಕಚೇರಿಗಳಲ್ಲಿ ಸಾಲು ನಿಲ್ಲಬೇಕು. 2010ರಿಂದ ದೀರ್ಘಾವಧಿ ಪರವಾನಗಿಗೆ ಯುರೋಪಿನ ಆರು ಹಂತಗಳ ಅಳತೆಯಲ್ಲಿ ಎರಡನೆಯದಾದ 'ಎ2' ಮಟ್ಟದ ಇಟಾಲಿಯನ್ ಬರಬೇಕೆಂದು ನಿಯಮವಾಯಿತು. 2018ರಲ್ಲಿ ಪೌರತ್ವಕ್ಕೆ ಮೂರನೆಯ ಹಂತವಾದ 'ಬಿ1' ಕಡ್ಡಾಯವಾಯಿತು. ಇವರಿಗೆ ಕ್ರಿಯಾಪದದ ತಪ್ಪು ಸಾಹಿತ್ಯಿಕ ರೋಮಾಂಚನವಲ್ಲ, ಬದುಕಿನ ಪ್ರಶ್ನೆ.

ಈ ಕೊರತೆಯನ್ನು ತುಂಬುವುದು ಅಮಾರಾ ಲಖೂಸ್ ಅವರ ಕಾದಂಬರಿ. ಅಲ್ಜೀರಿಯಾದಲ್ಲಿ ಹುಟ್ಟಿ 1995ರಲ್ಲಿ ಇಟಲಿಗೆ ಬಂದ ಲಖೂಸ್ ಇದನ್ನು ಮೊದಲು ಅರಬಿಯಲ್ಲಿ ಬರೆದು, ಬಳಿಕ ಇಟಾಲಿಯನ್ನಿನಲ್ಲಿ ಹೊಸದಾಗಿ ಬರೆದು 2006ರಲ್ಲಿ ಪ್ರಕಟಿಸಿದರು. ಇಟಾಲಿಯನ್ ಶೀರ್ಷಿಕೆಯ ಅರ್ಥ, 'ಪಿಯಾತ್ಸಾ ವಿತ್ತೋರಿಯೊದಲ್ಲಿ ಒಂದು ಲಿಫ್ಟಿಗಾಗಿ ನಾಗರಿಕತೆಗಳ ಸಂಘರ್ಷ'. ದೊಡ್ಡ ಪಂಡಿತರ ದೊಡ್ಡ ಮಾತನ್ನು ಒಂದು ವಠಾರದ ಲಿಫ್ಟಿಗೆ ಇಳಿಸಿದ ಆ ನಗು ಎಷ್ಟು ಹರಿತ! ಇಲ್ಲಿ ಪಿಜ್ಜಾ ಕಂಡರಾಗದ ಇರಾನಿ ಅಡುಗೆಯವ ಪರ್ವೇಝ್ ಇದ್ದಾನೆ. ಪರವಾನಗಿಯಲ್ಲಿ ಹೆಸರು ಹಿಂದುಮುಂದಾಗಿ ಅಚ್ಚಾಗಿದ್ದಕ್ಕೆ ಹೌಹಾರುವ ಬಾಂಗ್ಲಾದೇಶದ ಇಕ್ಬಾಲ್ ಇದ್ದಾನೆ. ತನ್ನ ಹೆಸರೇ ತನ್ನದೆಂದು ರುಜುವಾತು ಮಾಡಬೇಕಾದವನ ಭಯವನ್ನು ಓದಿ ನಕ್ಕ ಮೇಲೆ ಗಂಟಲು ಕಟ್ಟುತ್ತದೆ.

ಇವರ ನಡುವೆ ಅಮೆದೆಯೊ. ನಿಘಂಟನ್ನು ಹಾಲಿನಂತೆ ಕುಡಿದು ಕಲಿತ ಇಟಾಲಿಯನ್ ಅವನದು; ವಠಾರದವರೆಲ್ಲ ಅವನನ್ನು ತಮ್ಮವನೆಂದೇ ನಂಬಿದ್ದಾರೆ. ನಿಜದಲ್ಲಿ ಅವನು ಅಲ್ಜೀರಿಯಾದ ಅಹ್ಮದ್. ಕೊಲೆಯೊಂದರ ಅನುಮಾನ ಅವನ ಮೇಲೆ ಬಿದ್ದಾಗಲೇ ಈ ಗುಟ್ಟು ಬಯಲಾಗುವುದು. ಲಾಹಿರಿಯವರ ಗೋಡೆಯನ್ನು ಅಮೆದೆಯೊ ದಾಟಿದ್ದಾನೆ, ಆದರೆ ತನ್ನ ಹೆಸರನ್ನು ಆಚೆ ಬಿಟ್ಟು. ಪಾತ್ರಗಳ ಮಾತು ಒಮ್ಮೊಮ್ಮೆ ನಗೆನಾಟಕದ ಅತಿಗೆ ಜಾರುತ್ತದೆ, ನಿಜ. ಆದರೂ ಭಾಷೆ ಕಲಿಕೆಗೆ ಯಾರು ಯಾವ ಬೆಲೆ ತೆರುತ್ತಾರೆ ಎಂಬ ಪ್ರಶ್ನೆಯನ್ನು ಈ ಕಾದಂಬರಿ ಲಾಹಿರಿಯವರಿಗಿಂತ ಆಳಕ್ಕೆ ಒಯ್ಯುತ್ತದೆ.

ಇದು ಇಟಲಿಯ ಕತೆಯೆಂದು ಪುಸ್ತಕ ಮುಚ್ಚಿಡಲು ನಮಗಾಗದು. ಮನೆಯಲ್ಲಿ ಬ್ಯಾರಿಯನ್ನೋ ಉರ್ದುವನ್ನೋ ನವಾಯತಿಯನ್ನೋ ಆಡುತ್ತ ಕನ್ನಡದಲ್ಲಿ ಓದಿ ಬರೆಯುವ ನಮ್ಮವರಿಗೆ, ತಲೆಮಾರುಗಳಿಂದ ಇಲ್ಲಿಯೇ ಇದ್ದರೂ, "ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ!" ಎಂಬ ಮೆಚ್ಚುಗೆ ಹೊಸದಲ್ಲ. ಹೇಳುವವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಸಲೆರ್ನೊದ ಅಂಗಡಿಯಾಕೆಯ ಮನಸ್ಸಿನಲ್ಲೂ ಕೇಡೇನಿರಲಿಲ್ಲ.

ಕಲಿಯುವವರಿಗೆ ಸಮಾಜಗಳು ಪರೀಕ್ಷೆ ಇಡುತ್ತಲೇ ಬಂದಿವೆ. ಭಾಷೆ ಕಲಿಯಬೇಕಾದವರು ವಲಸಿಗರು. ಕೇಳಿಸಿಕೊಳ್ಳಲು ಕಲಿಯಬೇಕಾದವರು ಊರಿನವರು. ಈ ಎರಡನೆಯ ಪಾಠಕ್ಕೆ ಮಾತ್ರ ಯಾವ ಸರಕಾರವೂ ಪರೀಕ್ಷೆ ನಡೆಸುವುದಿಲ್ಲ.