ಲಾಗ್‌ಬುಕ್ಕು, ಖರ್ಚಿನ ಚೀಟಿ ಮತ್ತು ಆತ್ಮಕತೆ

ಅಮೆರಿಕದ ಲಾರಿ ಚಾಲಕರ ಆಡುಮಾತಿನಲ್ಲಿ ಲಾಗ್‌ಬುಕ್ಕಿಗೆ ‘ಕಾಮಿಕ್ ಬುಕ್’ ಎಂದು ಅಡ್ಡಹೆಸರು. ಎಷ್ಟು ಗಂಟೆ ಗಾಡಿ ಓಡಿಸಿದೆ, ಎಷ್ಟು ಗಂಟೆ ಮಲಗಿದೆ ಎಂದು ಚಾಲಕನೇ ದಿನವೂ ತುಂಬಬೇಕಾಗಿದ್ದ ಪುಸ್ತಕ ಅದು. 10 ಗಂಟೆ ಬಿಡುವು ಪಡೆದ ಮೇಲೆ 11 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ ಎನ್ನುವುದು ಅಲ್ಲಿನ ಈಗಿನ ನಿಯಮ. ಆದರೆ ದೂರದ ಚಾಲಕರಲ್ಲಿ ಹೆಚ್ಚಿನವರಿಗೆ ಕೂಲಿ ಸಿಗುವುದು ಮೈಲಿಯ ಲೆಕ್ಕದಲ್ಲಿ. ಗೋದಾಮಿನ ಮುಂದೆ ಕಾದು ಕಳೆದ ಹೊತ್ತಿಗೆ ಬಹಳ ಸಲ ಕಾಸಿಲ್ಲ. ಹೀಗಾಗಿ ರಸ್ತೆಯ ಮೇಲೆ ಕಳೆದ ರಾತ್ರಿಗಳು ಲಾಗ್‌ಬುಕ್ಕಿನಲ್ಲಿ ನಿದ್ದೆಯಾಗಿ ಬದಲಾಗುತ್ತಿದ್ದವು. 2017ರ ಡಿಸೆಂಬರಿನಲ್ಲಿ ಇಂಜಿನ್ನಿಗೇ ಜೋಡಿಸುವ ಎಲೆಕ್ಟ್ರಾನಿಕ್ ಸಾಧನ ಕಡ್ಡಾಯವಾದ ಮೇಲೆ ಈ ಕಟ್ಟುಕತೆಗೆ ಜಾಗ ಕಡಿಮೆಯಾಯಿತು.

ಅದೇ 2017ರಲ್ಲಿ ಫಿನ್ ಮರ್ಫಿ ಎಂಬ ಲಾರಿ ಚಾಲಕರ ‘ದಿ ಲಾಂಗ್ ಹಾಲ್’ ಎಂಬ ಆತ್ಮಕಥನ ಪ್ರಕಟವಾಯಿತು. ಒಂದು ಊರಿನ ಮನೆಯನ್ನು ಸಾಮಾನು ಸಮೇತ ಇನ್ನೊಂದು ಊರಿಗೆ ಸಾಗಿಸುವುದು ಮರ್ಫಿಯ ಕೆಲಸ. ಕನೆಕ್ಟಿಕಟ್ಟಿನಲ್ಲಿ ಬೆಳೆದ ಅವರು ಕಾಲೇಜನ್ನು ಅರ್ಧಕ್ಕೆ ಬಿಟ್ಟು 1980ರ ಹೊತ್ತಿಗೆ ದೂರದ ಗಾಡಿ ಹತ್ತಿದರು. ಅದೇ ವರ್ಷ ಅಮೆರಿಕದ ಸರ್ಕಾರ ಮೋಟಾರ್ ಕ್ಯಾರಿಯರ್ ಕಾಯ್ದೆಯ ಮೂಲಕ ಸರಕು ಸಾಗಣೆಯ ಮೇಲಿನ ನಿಯಂತ್ರಣಗಳನ್ನು ಸಡಿಲಿಸಿತು. ಪೈಪೋಟಿ ಹೆಚ್ಚಿತು, ಚಾಲಕರ ಗಳಿಕೆ ಕುಸಿಯುತ್ತ ಹೋಯಿತು. ಸಮಾಜಶಾಸ್ತ್ರಜ್ಞ ಸ್ಟೀವ್ ವಿಸೆಲ್ಲಿ ತಾವೇ ಕೆಲವು ತಿಂಗಳು ಲಾರಿ ಓಡಿಸಿ ಬರೆದ ‘ದಿ ಬಿಗ್ ರಿಗ್’ (2016) ಈ ಕುಸಿತದ ಕತೆಯನ್ನು ವಿವರವಾಗಿ ಹೇಳುತ್ತದೆ. ವಿಸೆಲ್ಲಿ ಕೊಡುವುದು ಲೆಕ್ಕ, ಮರ್ಫಿ ಕೊಡುವುದು ನಗು. ನಗುವೂ ಒಂದು ಬಗೆಯ ಲೆಕ್ಕವೇ ಎನ್ನುವುದು ನನ್ನ ವಾದ.

ಚಾಲಕರು ಒಬ್ಬರಿಗೊಬ್ಬರು ಇಟ್ಟುಕೊಂಡ ಅಡ್ಡಹೆಸರುಗಳನ್ನು ಮರ್ಫಿ ಪುಸ್ತಕದ ಶುರುವಿನಲ್ಲೇ ಹರವಿಡುತ್ತಾರೆ. ಕಾರು ಸಾಗಿಸುವವನು ‘ಪಾರ್ಕಿಂಗ್ ಲಾಟ್ ಕಾಯುವವ’, ಪ್ರಾಣಿಗಳನ್ನು ಸಾಗಿಸುವವನು ‘ಕೋಳಿ ಕತ್ತು ಹಿಸುಕುವವ’. ಮನೆ ಸಾಮಾನು ಸಾಗಿಸುವ ಮರ್ಫಿಯಂಥವರು ‘ಬೆಡ್‌ಬಗರ್’, ಅಂದರೆ ತಿಗಣೆ ಗಿರಾಕಿಗಳು. ಓದುವಾಗ ನಗು ಬರುತ್ತದೆ. ಆಮೇಲೆ, ಹೊರುವ ಸರಕಿನಿಂದಲೇ ಹೊರುವವನ ಅಂತಸ್ತು ನಿಗದಿಯಾಗುವ ಈ ವ್ಯವಸ್ಥೆ ನಮಗೆ ಹೊಸದಲ್ಲ ಎಂದು ಹೊಳೆಯುತ್ತದೆ. ಕೌಬಾಯ್ ಹಾಗೆ ಸ್ವತಂತ್ರ ಎಂದು ಸಿನಿಮಾ ಮತ್ತು ಹಾಡುಗಳು ಕೊಂಡಾಡಿದ ಲಾರಿ ಚಾಲಕ ಟ್ರಕ್ ಸ್ಟಾಪಿನಲ್ಲಿ ತನ್ನವರಿಂದಲೇ ಪಕ್ಕಕ್ಕೆ ಸರಿಸಲ್ಪಡುತ್ತಾನೆ. ಆ ದಂತಕತೆಯನ್ನು ಮರ್ಫಿ ತನ್ನ ಮೇಲೆಯೇ ನಗುತ್ತ ಒಡೆಯುತ್ತಾರೆ.

ಈ ಕಸುಬಿನಲ್ಲಿ ಇನ್ನೊಂದು ಬರವಣಿಗೆಯಿದೆ. ಸಾಮಾನು ಗಾಡಿಗೇರುವ ಮೊದಲು ಪ್ರತಿಯೊಂದು ವಸ್ತುವಿನ ಪಟ್ಟಿಯಾಗಬೇಕು. ಮೇಜಿನ ಕಾಲಿನ ಗೀರು, ಬೀರುವಿನ ನೆಗ್ಗು, ಎಲ್ಲವೂ ದಾಖಲಾಗಬೇಕು. ಇಲ್ಲದಿದ್ದರೆ ಹಳೆಯ ಗೀರೆಲ್ಲ ಚಾಲಕನ ತಲೆಗೆ. ವಸ್ತುವಿನ ಗೀರು ಬರೆಯದಿದ್ದರೆ ದಂಡ, ತನ್ನ ಮೈಯ ದಣಿವನ್ನು ಬರೆದರೆ ದಂಡ. ಈ ಎರಡು ಬರವಣಿಗೆಗಳ ನಡುವೆ ಉಳಿದುಹೋದದ್ದೇ ಆತ್ಮಕತೆಯಾಗಿದೆ. ಜನ ಪ್ರಾಣದಂತೆ ಕಾಪಾಡುವ ವಸ್ತುಗಳು ಕೊನೆಗೆ ಕಸವಾಗುವುದನ್ನು ಮತ್ತೆ ಮತ್ತೆ ಕಂಡವರ ಮಾತಿಗೆ ಬರುವ ವೈರಾಗ್ಯ ಮರ್ಫಿಯಲ್ಲಿದೆ. ಆದರೆ ಅದು ಉಪದೇಶವಾಗುವುದಿಲ್ಲ. ಯಾಕೆಂದರೆ ಆ ವಸ್ತುಗಳನ್ನು ಮೆಟ್ಟಿಲಿಳಿಸುವಾಗ ನೋಯುವುದು ಅವರದೇ ಬೆನ್ನು.

ಹೀಗಿದ್ದೂ ಪುಸ್ತಕಕ್ಕೆ ಒಂದು ಮಿತಿಯಿದೆ. ಮರ್ಫಿ ನಡುವೆ ಬಹುಕಾಲ ಈ ಕಸುಬು ಬಿಟ್ಟಿದ್ದರು, ಬೇಕೆನಿಸಿದಾಗ ಮರಳಿದರು. ಇಂಗ್ಲಿಷ್ ಅವರ ಕೈಯಲ್ಲಿತ್ತು. ದಿನಗೂಲಿಗೆ ಬಂದು ಸಾಮಾನು ಹೊರುವ, ಎಷ್ಟೋ ಸಲ ವಲಸಿಗರಾದ ಕೂಲಿಗಳ ಬಗ್ಗೆ ಅವರು ಗೌರವದಿಂದಲೇ ಬರೆಯುತ್ತಾರೆ. ಆದರೆ ಆ ಕೂಲಿಗಳು ಮರ್ಫಿಯನ್ನು ನೋಡಿ ಏನೆಂದು ನಗುತ್ತಿದ್ದರು ಎಂಬುದು ಈ ಪುಸ್ತಕದಿಂದ ತಿಳಿಯುವುದಿಲ್ಲ.

ಕನ್ನಡದಲ್ಲಿಯೂ ಕೆಲಸದ ಬದುಕನ್ನು ನಗುತ್ತ ಬರೆದ ದೊಡ್ಡ ಪರಂಪರೆಯಿದೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಪಾಠವನ್ನೂ ಪ್ರವಾಸವನ್ನೂ ತಮಾಷೆಯನ್ನೂ ಒಟ್ಟಿಗೆ ಹೆಣೆಯಿತು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡಿದ ಬೀಚಿ ತಮ್ಮ ಆತ್ಮಕತೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟರು. ಆ ಹೆಸರಿನಲ್ಲೇ ಭಯ ಮತ್ತು ನಗು ಒಂದೇ ಬೆಂಚಿನ ಮೇಲೆ ಕೂತಿವೆ. ಆದರೆ ಇವರಿಬ್ಬರಿಗೂ ತಿಂಗಳ ಸಂಬಳವಿತ್ತು, ಬರೆಯಲು ಮೇಜಿತ್ತು. ಸ್ಟಿಯರಿಂಗ್ ಹಿಡಿದವನ ಕನ್ನಡವನ್ನು ನಾವು ಹೆಚ್ಚಾಗಿ ಓದಿರುವುದು ಲಾರಿಯ ಹಿಂಬದಿಯಲ್ಲಿ, ಅದೂ ಓವರ್‌ಟೇಕ್ ಮಾಡುವಾಗ. ಇಂಗ್ಲಿಷಿನಲ್ಲಿ ರಜತ್ ಉಭಯಕರ್ ಅವರ ‘ಟ್ರಕ್ ದೆ ಇಂಡಿಯಾ!’ (2019) ಬಂದಿದೆ. ಲಾರಿಗಳಲ್ಲಿ ಲಿಫ್ಟ್ ಕೇಳಿ ದೇಶ ಸುತ್ತಿದ ಪತ್ರಕರ್ತನ ಒಳ್ಳೆಯ ಪುಸ್ತಕ. ಆದರೆ ಅಲ್ಲಿ ಬರೆಯುವ ಕೈ ಪಕ್ಕದ ಸೀಟಿನದು.

ಈ ಕೊರತೆಯನ್ನು ಒಂದಿಷ್ಟಾದರೂ ತುಂಬುತ್ತೇನೆ ಎಂಬ ಹುಮ್ಮಸ್ಸಿನಲ್ಲಿ, ನನ್ನ ಪಿಎಚ್.ಡಿ.ಯ ಒಂದು ಅಧ್ಯಾಯಕ್ಕಾಗಿ, ಕಳೆದ ದೀಪಾವಳಿಗೆ ನಮ್ಮ ಮಾಮಾನ ಮುಂದೆ ಹೋಗಿ ಕೂತೆ. ಹುಬ್ಬಳ್ಳಿಯಿಂದ ವಾಶಿ ಮಾರುಕಟ್ಟೆಗೆ ಉಳ್ಳಾಗಡ್ಡಿ ಲಾರಿ ಓಡಿಸಿ ದಣಿದ ಮನುಷ್ಯ. ಅವನ ಕತೆಗಳಿಲ್ಲದೆ ನಮ್ಮ ಮನೆಯಲ್ಲಿ ಹಬ್ಬದ ಊಟ ಮುಗಿಯುತ್ತಿರಲಿಲ್ಲ. ಅವುಗಳಲ್ಲಿ ನನಗಿಷ್ಟವಾದದ್ದು ಖರ್ಚಿನ ಚೀಟಿಯದು. ದಾರಿಯಲ್ಲಿ ಕೈ ಅಡ್ಡ ಹಾಕಿದವರಿಗೆಲ್ಲ ಕೊಟ್ಟ ದುಡ್ಡನ್ನು ಮಾಲಕನಿಗೆ ಕೊಡುವ ಚೀಟಿಯಲ್ಲಿ ‘ಚಹಾ’ ಎಂದು ಬರೆಯುವುದು ರೂಢಿ. “ಒಂದ ರಾತ್ರಿಗೆ ಅರವತ್ತು ಕಪ್ ಚಾ ಕುಡದೇನಿ ನಾ. ಸಕ್ರಿ ಬ್ಯಾನಿ ಸುಮ್ನ ಬಂತನು?” ಎನ್ನುತ್ತಿದ್ದ. ನಮ್ಮ ಮಾಮಾನ ಕಾಮಿಕ್ ಬುಕ್ಕು ಆ ಚೀಟಿ.

ಮೋಟಾರ್ ಸಾರಿಗೆ ಕಾರ್ಮಿಕರ 1961ರ ಕಾಯ್ದೆಯ ಪ್ರಕಾರ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸದ ಮಿತಿಯಿತ್ತು ಎಂದು ಹೇಳಿದೆ. “ಹಂಗಾದ್ರ ನಾ ಒಬ್ಬಾಂವ ಇಬ್ಬರು ಡ್ರೈವರ್ ಇದ್ದೆ ಅನ್ನು,” ಎಂದು ನಕ್ಕ. ನಾನು ಫೋನಿನ ರೆಕಾರ್ಡರ್ ಒತ್ತಿ ಮೇಜಿನ ಮೇಲಿಟ್ಟೆ. ಮಾಮಾ ಬೆನ್ನು ನೆಟ್ಟಗೆ ಮಾಡಿ ಕೂತ. “ನಾವು ಹುಬ್ಬಳ್ಳಿಯಿಂದ ಮುಂಬೈಗೆ ಸರಕು ಸಾಗಿಸುತ್ತಿದ್ದೆವು. ಎಲ್ಲರೂ ಸಹಕಾರ ಕೊಡುತ್ತಿದ್ದರು,” ಎಂದ. ಜನ್ಮದಲ್ಲಿ ಅವನ ಬಾಯಲ್ಲಿ ಕೇಳದ ಪುಸ್ತಕದ ಕನ್ನಡ. ಚಹಾ ಇಲ್ಲ, ನಿದ್ದೆಗೇಡಿಲ್ಲ, ಖಂಬಾಟ್ಕಿ ಘಾಟಿನಲ್ಲಿ ಬ್ರೇಕು ಕಾದು ಹೊಗೆಯೆದ್ದ ರಾತ್ರಿಯಿಲ್ಲ. ಫೋನ್ ಆಫ್ ಮಾಡಿದ ಮೇಲೆ ಕಾರಣ ಹೇಳಿದ. ಅವನ ಮಗ ಈಗ ಅದೇ ಮಾಲಕನ ಗಾಡಿ ಓಡಿಸುತ್ತಾನೆ.

ಅಲ್ಲಿಯವರೆಗೆ ನನ್ನ ಟಿಪ್ಪಣಿಗಳಲ್ಲಿ ಆತ್ಮಕತೆಗಳನ್ನು ‘ಪ್ರಾಮಾಣಿಕ’, ‘ಅಷ್ಟೇನೂ ಪ್ರಾಮಾಣಿಕವಲ್ಲ’ ಎಂದು ವಿಂಗಡಿಸುತ್ತಿದ್ದೆ. ಪ್ರಾಮಾಣಿಕತೆ ಬರೆಯುವವನ ಗುಣ ಎಂದುಕೊಂಡಿದ್ದೆ. ಅದಕ್ಕೊಂದು ಖರ್ಚಿದೆ, ಕೆಲವರಿಗೆ ಮಾತ್ರ ಅದು ಭರಿಸುವಷ್ಟು ಎನ್ನುವುದು ಆ ಸಂಜೆ ತಿಳಿಯಿತು. ಮರ್ಫಿಯ ಬಿಚ್ಚುಮಾತು ಇದರಿಂದ ಚಿಕ್ಕದಾಗುವುದಿಲ್ಲ. ಆದರೆ ಅದನ್ನು ಓದುವಾಗ ಆ ಮಾತು ಯಾರಿಗೆ ಸಾಧ್ಯವಾಗಲಿಲ್ಲ ಎಂಬುದನ್ನೂ ಕೇಳಿಕೊಳ್ಳಬೇಕಾಗುತ್ತದೆ. ಬಾಯಿ ಬಿಟ್ಟು ದೂರಲಾಗದ್ದನ್ನು ಮಾಮಾ ಅರವತ್ತು ಕಪ್ ಚಹಾ ಎಂದು ಹೇಳಿದ್ದ. ಅದನ್ನು ನಾನು ವರ್ಷಗಟ್ಟಲೆ ಬರೀ ತಮಾಷೆ ಎಂದು ಕೇಳಿ ನಕ್ಕಿದ್ದೆ.

ಆ ಚಹಾದ ಸಂಗತಿಯನ್ನು ಬರೆಯಲೇ ಎಂದು ಮೊನ್ನೆ ಫೋನಿನಲ್ಲಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರಿ,” ಎಂದ. “ಗಾಡಿ ನಂಬರ್ ಮಾತ್ರ ಬರೀಬ್ಯಾಡ.”