ಶಾಲೆಯ ಗೋಡೆ ಮತ್ತು ಸಾಮರಸ್ಯದ ಚಿತ್ರ: ಧಾರವಾಡ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿಮರ್ಶೆ

ಒಂದು ಕಾಲಕ್ಕೆ ಗುಡಿ, ಮಠ, ದೇಸಗತಿಯ ವಾಡೆಗಳ ಸ್ವತ್ತಾಗಿದ್ದ ಭಿತ್ತಿಚಿತ್ರವು ಇಂದು ಹಳ್ಳಿಗಳಲ್ಲಿ ಮುಖ್ಯವಾಗಿ ಸರ್ಕಾರಿ ಶಾಲೆಯ ಗೋಡೆಯ ಮೇಲೆ ಕಾಣಸಿಗುತ್ತದೆ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದ ‘ನಲಿ-ಕಲಿ’ ಪ್ರಯೋಗವು ತರಗತಿಯ ಗೋಡೆಯನ್ನು ಮಗುವಿನ ಕೈಗೆ ಎಟುಕಿಸಿತು. 2001ರ ಸರ್ವ ಶಿಕ್ಷಣ ಅಭಿಯಾನದ ತರುವಾಯ, ಶಾಲೆಯ ಕಟ್ಟಡವೇ ಕಲಿಕೆಯ ಸಾಧನವಾಗಬೇಕೆಂಬ ಚಿಂತನೆ ಹರಡಿ, ಹೊರಗೋಡೆಗಳಿಗೂ ಬಣ್ಣ ಬಂದಿತು. ಆದರೂ ನಮ್ಮ ಕಲಾವಿಮರ್ಶೆಯು ಈ ಗೋಡೆಗಳನ್ನು ಪೇಂಟರರ ಕೆಲಸವೆಂದು ಬದಿಗಿರಿಸಿರುವುದೇ ಹೆಚ್ಚು. ಒಂದು ಪೀಳಿಗೆಯ ಮಕ್ಕಳು ‘ನಾವು ಯಾರು’ ಎಂಬುದನ್ನು ಮೊದಲು ಓದಿಕೊಳ್ಳುವುದು ಇಲ್ಲಿಯೇ ಆದ್ದರಿಂದ ಈ ಉಪೇಕ್ಷೆ ಸಾಧುವಲ್ಲ.

ಈ ಗೋಡೆಗಳಿಗೆ ಒಂದು ರೂಢಿಗತ ವಿನ್ಯಾಸವಿದೆ. ಒಂದು ಕಡೆ ಭಾರತ ಮತ್ತು ಕರ್ನಾಟಕದ ನಕಾಶೆ, ಇನ್ನೊಂದು ಕಡೆ ರಾಷ್ಟ್ರನಾಯಕರು, ನಡುವೆ ‘ನಮ್ಮ ಸಂಸ್ಕೃತಿ’ ಎಂಬ ಚೌಕ. ಈ ಚೌಕದಲ್ಲಿ ಡೊಳ್ಳು ಕುಣಿತ, ವೀರಗಾಸೆ, ಕನ್ನಡಿಯ ಉಡುಪಿನ ಲಂಬಾಣಿ ಮಹಿಳೆ, ಕೈ ಕೈ ಹಿಡಿದ ಮೂರು ಧರ್ಮಗಳ ಮಕ್ಕಳು. ಅಂಚಿಗೆ ಬಹುಪಾಲು ವಾರ್ಲಿ ರೇಖೆಗಳು. ವಾರ್ಲಿಯು ಮಹಾರಾಷ್ಟ್ರದ ಉತ್ತರ ಭಾಗದ ಬುಡಕಟ್ಟಿನ ಹೆಂಗಸರು ಮದುವೆಯ ಮನೆಯ ಮಣ್ಣುಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ಬರೆಯುತ್ತಿದ್ದ ಆಚರಣೆಯ ಚಿತ್ರ. ಅದು ಇಲ್ಲಿ ಯಾರ ಮದುವೆಯನ್ನೂ ಹೇಳುವುದಿಲ್ಲ. ‘ಬುಡಕಟ್ಟು’ ಎಂಬುದರ ಸಾರ್ವತ್ರಿಕ ಮುದ್ರೆಯಾಗಿ ಉಳಿದಿದೆ.

ಸ್ಥಳೀಯ ಕಲೆಯ ಕೊರತೆಯೇ ಇದಕ್ಕೆ ಕಾರಣವೆನ್ನುವಂತಿಲ್ಲ. ನವಲಗುಂದದ ಜಮಖಾನೆಯನ್ನು ಮುಸ್ಲಿಂ ಹೆಂಗಸರು ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ನೇಯುತ್ತಾರೆ. ಅದರಲ್ಲಿ ನವಿಲೂ ಇದೆ, ಪಗಡೆಯ ಹಾಸೂ ಇದೆ. ಕಲಘಟಗಿಯ ಬಣ್ಣದ ತೊಟ್ಟಿಲ ಮೇಲೆ ಚಿತ್ರಗಾರ ಮನೆತನದವರು ಕೃಷ್ಣನ ಬಾಲಲೀಲೆ, ರಾಮಾಯಣದ ಪ್ರಸಂಗಗಳನ್ನು ಬರೆದು ಅರಗಿನ ಹೊಳಪು ಕೊಡುತ್ತಾರೆ. ಕಾಡಿನಂಚಿನ ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳಿಂದ ಕವುದಿ ಹೊಲಿಯುತ್ತಾರೆ. ನಾಲ್ಕು ಮೂಲೆಗಳಲ್ಲಿ ‘ಫೂಲ್’ ಎನ್ನುವ ತ್ರಿಕೋನದ ಮಡಿಕೆಗಳನ್ನು ಕೂಡಿಸದೆ ಕವುದಿ ಪೂರ್ಣವಾಗುವುದಿಲ್ಲ. ಕ್ರೈಸ್ತ ಸಿದ್ದಿಯ ಕವುದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಯದರಲ್ಲಿ ಅರ್ಧಚಂದ್ರ ಬರುವುದುಂಟು. ಹೊಲಿಗೆಯ ಕ್ರಮ ಮಾತ್ರ ಒಂದೇ. ಮೂರು ಧರ್ಮಗಳಲ್ಲಿ ಹಂಚಿಹೋದ ಒಂದು ಸಮುದಾಯ ತನ್ನ ಏಕತೆಯನ್ನು ಕಾಯ್ದುಕೊಂಡ ಬಗೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದುರ್ಲಭ.

ಸಿದ್ದಿಯರ ಪ್ರಾತಿನಿಧ್ಯದ ಪ್ರಶ್ನೆಯೇ ಪ್ರಸ್ತುತ ವಿಮರ್ಶೆಯ ತಿರುಳು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ಬಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳಲ್ಲದೆ ಕಲಘಟಗಿ ತಾಲ್ಲೂಕಿನಲ್ಲಿಯೂ ಅವರ ವಸತಿಗಳಿವೆ. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಜಿಲ್ಲೆಯ ಗಡಿಯ ಈಚೆಗಿದ್ದ ಅವರದೇ ಬಂಧುಗಳು, ಅಂದರೆ ಧಾರವಾಡ ಮತ್ತು ಬೆಳಗಾವಿಯ ಸಿದ್ದಿಯರು, 2020ರ ಕಾಯ್ದೆಯವರೆಗೆ ಕಾಯಬೇಕಾಯಿತು. ಒಂದೇ ಕುಲದ ಎರಡು ಮನೆಗಳ ನಡುವೆ ಕಂದಾಯದ ಗೆರೆಯೊಂದು ಹದಿನೇಳು ವರ್ಷ ನಿಂತಿತ್ತು. ಚಿತ್ರಗಳಲ್ಲಿಯೂ ಉತ್ಸವದ ಮೆರವಣಿಗೆಗಳಲ್ಲಿಯೂ ಕಾಣುವ ಸಿದ್ದಿಯು ಸೊಪ್ಪು ಸುತ್ತಿಕೊಂಡು, ಮೈಗೆ ಬಣ್ಣ ಬಳಿದುಕೊಂಡು ಕುಣಿಯುವವನು. ಆದರೆ ಅದೇ ಸಮುದಾಯ ಗದ್ದೆಯಲ್ಲಿ ದುಡಿಯುತ್ತದೆ, ಕನ್ನಡ ಮಾತನಾಡುತ್ತದೆ, ಅರಣ್ಯ ಹಕ್ಕಿನ ಅರ್ಜಿ ಹಿಡಿದು ಕಚೇರಿಗೆ ಅಲೆಯುತ್ತದೆ. ಡಮಾಮಿ ಕುಣಿತ ಸುಳ್ಳಲ್ಲ. ಅದೊಂದನ್ನೇ ತೋರಿಸಿ ಉಳಿದುದನ್ನು ಮರೆಮಾಡುವ ಚೌಕಟ್ಟು ಸುಳ್ಳು.

ಇಂಥ ಚಿತ್ರಗಳಿಗೆ ನಾವು ಕೊಡುವ ಶೀರ್ಷಿಕೆ ‘ಸಾಮರಸ್ಯ’. ಈ ಪದವು ಹಿಂದೆ ಅನ್ಯಾಯವಾಗಿತ್ತೆಂಬುದನ್ನು ಹೇಳುವುದಿಲ್ಲ. ‘ರಾಜಿ’ ಎಂದರೆ ಅನ್ಯಾಯವನ್ನು ಬದಿಗಿಟ್ಟು ಮುಂದೆ ಹೋಗುವುದು. ಆದರೆ ನಮ್ಮ ಜನಪದರಲ್ಲಿ ‘ತಪ್ಪುಕಾಣಿಕೆ’ ಎಂಬ ಇನ್ನೊಂದು ಪದವಿದೆ: ಮೊದಲು ತಪ್ಪನ್ನು ಒಪ್ಪಿ, ಅನಂತರ ಕಾಣಿಕೆ ಇಡುವುದು. ಕುಂದಗೋಳ ತಾಲ್ಲೂಕಿನ ಕಳಸದ ಗೋವಿಂದಭಟ್ಟರೂ ಶಿಶುನಾಳ ಶರೀಫರೂ (1819–1889) ಗುರುಶಿಷ್ಯರಾಗಿ ಸಾಮರಸ್ಯದ ಚಿತ್ರಗಳಿಗೆ ಸಹಜವಾಗಿಯೇ ಒದಗುತ್ತಾರೆ. ಆದರೆ ಗುರುವು ಶಿಷ್ಯನಿಗೆ ಜನಿವಾರ ಹಾಕಿದರೆಂಬ ಐತಿಹ್ಯದಲ್ಲಿ ಊರಿನವರ ವಿರೋಧವೂ ಸೇರಿದೆ. ಆ ವಿರೋಧವನ್ನು ಬಿಟ್ಟು ಇಬ್ಬರನ್ನು ಅಕ್ಕಪಕ್ಕ ಕೂರಿಸಿದಾಗ ಅವರ ಧೈರ್ಯವೇ ಚಿತ್ರದಿಂದ ಹೊರಗುಳಿಯುತ್ತದೆ.

ಈ ದೃಷ್ಟಿಯಿಂದ ಆಸ್ಟ್ರೇಲಿಯದ ಪಾಪುನ್ಯ ಶಾಲೆಯ ಗೋಡೆ ಗಮನಾರ್ಹ. ಮೂಲನಿವಾಸಿಗಳನ್ನು ಬಿಳಿಯರ ಬದುಕಿಗೆ ಒಗ್ಗಿಸುವ ಸರ್ಕಾರಿ ನೀತಿಯ ಫಲವಾಗಿ ಹುಟ್ಟಿದ ಮರುಭೂಮಿಯ ವಸತಿ ಅದು. 1971ರಲ್ಲಿ ಅಲ್ಲಿಗೆ ಬಂದ ಚಿತ್ರಕಲಾ ಶಿಕ್ಷಕ ಜೆಫ್ರಿ ಬಾರ್ಡನ್ ಮಕ್ಕಳಿಗೆ ತಮ್ಮದೇ ಮರಳಿನ ರೇಖೆಗಳನ್ನು ಬರೆಯಲು ಉತ್ತೇಜನ ಕೊಟ್ಟರು. ಹಿರಿಯರು ಮುಂದೆ ಬಂದು ಶಾಲೆಯ ಗೋಡೆಯ ಮೇಲೆ ಜೇನಿರುವೆಯ ಪುರಾಣವನ್ನು ಚಿತ್ರಿಸಿದರು. ಆ ಕಥೆಯ ಹಕ್ಕುಳ್ಳ ಹಿರಿಯನ ಒಪ್ಪಿಗೆ ಪಡೆದೇ ಕೆಲಸ ನಡೆಯಿತು. ಮೊದಲು ಬಿಳಿಯರ ಶೈಲಿಯಲ್ಲಿ ಬರೆದಿದ್ದ ಇರುವೆಗಳನ್ನು ಕಾಪಾ ಟ್ಯಾಂಪಿಜಿನ್ಪಾ ಎಂಬ ಕಲಾವಿದ ಅಳಿಸಿ, ತಮ್ಮ ಜನರ ಸಂಕೇತದಲ್ಲಿ ಮತ್ತೆ ಬರೆದರು. 1972ರಲ್ಲಿ ಆ ಕಲಾವಿದರದೇ ಸಂಸ್ಥೆ ರೂಪುಗೊಂಡು, ಅವರ ಚಿತ್ರಗಳು ಮುಂದೆ ಜಗತ್ತಿನ ಸಂಗ್ರಹಾಲಯಗಳನ್ನು ಸೇರಿದವು. ಶಾಲೆಯ ಗೋಡೆಗೆ ಮಾತ್ರ 1974ರಲ್ಲಿ ಸರ್ಕಾರಿ ಬಣ್ಣ ಬಳಿಯಲಾಯಿತು. ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಮೂಲನಿವಾಸಿಗಳ ಕ್ಷಮೆ ಕೇಳಿದ್ದು 2008ರಲ್ಲಿ. ಯಾರ ಸಂಕೇತ, ಯಾರ ಒಪ್ಪಿಗೆ, ಅಳಿಸುವ ಅಧಿಕಾರ ಯಾರದು ಎಂಬ ಮೂರು ಪ್ರಶ್ನೆಗಳನ್ನು ಪಾಪುನ್ಯ ನಮ್ಮ ಮುಂದಿಡುತ್ತದೆ. ನಮ್ಮ ‘ಸಂಸ್ಕೃತಿ’ಯ ಚೌಕವನ್ನೂ ಇವುಗಳಿಂದಲೇ ಅಳೆಯಬೇಕು.

ಎಳೆಯ ಮಕ್ಕಳಿಗೆ ಗುಲಾಮಗಿರಿಯಂಥ ಭಾರದ ವಿಷಯವೇಕೆ, ಗೋಡೆ ನಲಿವಿನಿಂದಿರಲಿ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ‘ನೀವು ಎಲ್ಲಿಂದ ಬಂದವರು’ ಎಂಬ ಪ್ರಶ್ನೆಯನ್ನು ಸಿದ್ದಿ ಮಗು ಸಹಪಾಠಿಗಳಿಂದ ಹೇಗೂ ಎದುರಿಸಬೇಕಾಗುತ್ತದೆ. ಕುಣಿತದ ಚಿತ್ರ ಅದಕ್ಕೆ ಉತ್ತರ ಕೊಡದು. ಉತ್ತರ ಕೊಡಬಲ್ಲದ್ದು ಅದೇ ಗೋಡೆಯ ಮೇಲಿರುವ ನಕಾಶೆ. ಆಫ್ರಿಕಾದ ಕರಾವಳಿಯಿಂದ ಗೋವೆಗೆ, ಗೋವೆಯಿಂದ ಘಟ್ಟಕ್ಕೆ, ಘಟ್ಟದಿಂದ ಕಲಘಟಗಿಗೆ ಒಂದು ಗೆರೆ. ವಿಜಾಪುರದಿಂದ ನವಲಗುಂದಕ್ಕೆ ಬಂದರೆನ್ನಲಾದ ಜಮಖಾನೆಯ ನೇಕಾರರದು ಇನ್ನೊಂದು ಗೆರೆ. ಆಗ ಬೇರೆ ಕಡೆಯಿಂದ ಬಂದವರು ಸಿದ್ದಿಯರೊಬ್ಬರೇ ಅಲ್ಲವೆಂಬುದು ಮಕ್ಕಳಿಗೆ ತಾನಾಗಿಯೇ ತಿಳಿಯುತ್ತದೆ. ನಕಾಶೆ ಮತ್ತು ಸಂಸ್ಕೃತಿಯನ್ನು ಬೇರೆ ಬೇರೆ ಚೌಕಗಳಲ್ಲಿ ಇಟ್ಟಿರುವುದೇ ನಮ್ಮ ಶಾಲಾಚಿತ್ರದ ಮೂಲದೋಷ. ಚರಿತ್ರೆಯಿಲ್ಲದ ಸಂಸ್ಕೃತಿ ವೇಷವಾಗುತ್ತದೆ. ಜನರಿಲ್ಲದ ನಕಾಶೆ ಪರೀಕ್ಷೆಯ ಪಾಠವಾಗುತ್ತದೆ.

ಇದಕ್ಕೆ ಹೆಚ್ಚಿನ ವೆಚ್ಚ ಬೇಕಿಲ್ಲ. 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಪಾಲಕರನ್ನೊಳಗೊಂಡ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ವ್ಯವಸ್ಥೆಯಿದೆ. ಗೋಡೆಯ ಮೇಲೆ ಯಾವ ಸಮುದಾಯದ ಚಿತ್ರ ಬರುವುದೋ ಆ ಸಮುದಾಯದ ತಾಯಂದಿರನ್ನು ಸಮಿತಿಯು ಕರೆದು ಕೇಳಲಿ. ಕವುದಿ ಹೊಲಿಯುವ ಕೈಗೂ ತೊಟ್ಟಿಲಿಗೆ ಬಣ್ಣ ಹಾಕುವ ಕೈಗೂ ಕುಂಚ ಕೊಟ್ಟು ತಕ್ಕ ಸಂಭಾವನೆ ನೀಡಲಿ. ಮುಂದೆ ಸುಣ್ಣ ಬಳಿಯುವ ಮುನ್ನವೂ ಅವರನ್ನು ಕೇಳಬೇಕೆಂದು ನಡಾವಳಿಯಲ್ಲಿ ಬರೆದಿಡಲಿ. ಲಲಿತಕಲೆ ಮತ್ತು ಜಾನಪದದ ಅಕಾಡೆಮಿಗಳು ಈ ಚಿತ್ರಗಳನ್ನು ಅಳಿಯುವ ಮೊದಲು ದಾಖಲಿಸುವ ಹೊಣೆ ಹೊರಬೇಕು. ಮುಂದಿನ ಬೇಸಿಗೆ ರಜೆಯಲ್ಲಿ ಶಾಲೆಗಳಿಗೆ ಮತ್ತೆ ಬಣ್ಣ ಬಳಿಯುವ ಹೊತ್ತಿಗೆ ಕಲಘಟಗಿಯ ಒಂದು ಶಾಲೆಯಲ್ಲಾದರೂ ಈ ಕೆಲಸ ಮೊದಲಾಗಲಿ.